ಅಳು ಬರಿಸುವ ಮೂರು ಸಿನಿಮಾ: ಈ ವಾರ ಯಾವುದು?

ಗೆಳತಿಯೊಬ್ಬಳು ಕೇಳಿದಳು: ‘ಮುಂಗಾರು ಮಳೆ’, ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ‘ಸಪ್ತ ಸಾಗರದಾಚೆ ಎಲ್ಲೋ’, ಇವುಗಳಲ್ಲಿ ಯಾವುದು ನೋಡಲಿ?

ಮೊದಲು ಸಮಯ. ‘ಸಪ್ತ ಸಾಗರ’ 2023ರಲ್ಲಿ ಎರಡು ಭಾಗವಾಗಿ ಬಂತು. ಎರಡೂ ಸೇರಿ ನಾಲ್ಕೂವರೆ ಗಂಟೆ ದಾಟುತ್ತದೆ. ಮೊದಲ ಭಾಗ ಮಾತ್ರ ನೋಡಿದರೆ ಕಥೆ ನಡುನೀರಿನಲ್ಲಿ ನಿಲ್ಲುತ್ತದೆ. ಉಳಿದೆರಡು ಒಂದೇ ಸಂಜೆಗೆ ಮುಗಿಯುತ್ತವೆ.

ಪ್ರೀತಿಯ ವಿಷಯಕ್ಕೆ ಬಂದರೆ, 2006ರ ‘ಮುಂಗಾರು ಮಳೆ’ಯ ಪ್ರೀತಮ್ ಒಂದೇ ಸಮನೆ ಮಾತಾಡುತ್ತಾನೆ, ಕೊನೆಗೆ ಹೇಳಬೇಕಾದ್ದನ್ನೇ ನುಂಗಿಕೊಂಡು ನಂದಿನಿಯನ್ನು ಬಿಟ್ಟುಕೊಡುತ್ತಾನೆ. ‘ಸಪ್ತ ಸಾಗರ’ದ ಮನು ಮನೆ ಕಟ್ಟುವ ಆಸೆಗೆ ಬೇರೆಯವರ ತಪ್ಪನ್ನು ತಲೆ ಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ. ಅವನ ಮೇಲೆ ನನಗೆ ಸಿಟ್ಟೇ ಜಾಸ್ತಿ ಬಂತು!

ಕಳೆದುಕೊಳ್ಳುವ ನೋವಿನಲ್ಲಿ 2016ರ ‘ಗೋಧಿ ಬಣ್ಣ’ದ ದಾರಿ ಬೇರೆ. ಮರೆವಿನ ಕಾಯಿಲೆಯ ವೆಂಕೋಬ್ ರಾವ್ ಕಾಣೆಯಾಗುತ್ತಾರೆ. ಹುಡುಕಲು ಹೊರಟ ಮಗನಿಗೆ ಅಪ್ಪ ಎಂಥವರೆಂದೇ ಸರಿಯಾಗಿ ಗೊತ್ತಿಲ್ಲ. ಕಾಣೆಯಾದವರ ಪ್ರಕಟಣೆಯಲ್ಲಿ ಬರುವ ಸಾಲೇ ಹೆಸರು, ಎಷ್ಟು ಚುಚ್ಚುತ್ತದೆ ಅಲ್ವಾ? ಅನಂತ್ ನಾಗ್ ಸುಮ್ನೆ ನಿಂತು ನೋಡಿದರೂ ಸಾಕು. ನಡುವಿನ ರೌಡಿಗಳ ಕಥೆ ಸ್ವಲ್ಪ ಕಡಿಮೆ ಇರಬಹುದಿತ್ತು.

ಮನೆಯಲ್ಲಿ ವಯಸ್ಸಾದವರಿದ್ದರೆ ‘ಗೋಧಿ ಬಣ್ಣ’ ಹಾಕಿ. ಗೆಳೆಯರ ಜೊತೆ, ಹಾಡು ನಗು ಬೇಕಿದ್ದರೆ ‘ಮುಂಗಾರು ಮಳೆ’. ಈಗಷ್ಟೇ ಮನಸ್ಸು ಮುರಿದಿದ್ದರೆ ‘ಸಪ್ತ ಸಾಗರ’ವನ್ನು ಆರು ತಿಂಗಳು ಮುಂದೂಡಿ.