ಬ್ಯಾಕಪ್ ಇದೆ ಎಂದು ನಿಶ್ಚಿಂತೆಯಿಂದಿರುವ ಗಾಂಜಾ ಮಳಿಗೆಯವರ ಗಮನಕ್ಕೆ

2017ರ ಜನವರಿ 8ರಂದು ಅಮೆರಿಕದ ಸಾವಿರಕ್ಕೂ ಹೆಚ್ಚು ಗಾಂಜಾ ಮಳಿಗೆಗಳಲ್ಲಿ ಬಿಲ್ಲಿಂಗ್ ನಿಂತುಹೋಯಿತು. ಆ ಮಳಿಗೆಗಳಿಗೆ ಯಾರೂ ನುಗ್ಗಿರಲಿಲ್ಲ. ಹ್ಯಾಕರ್‌ಗಳು ನುಗ್ಗಿದ್ದು ಅವರೆಲ್ಲ ಬಳಸುತ್ತಿದ್ದ ಸಾಫ್ಟ್‌ವೇರ್‌ನ ಕಂಪನಿ, ಡೆನ್ವರ್‌ನ ಎಂಜೆ ಫ್ರೀವೇಗೆ. ಮೂಲ ಮಾಹಿತಿಯ ಜೊತೆ ಬ್ಯಾಕಪ್ಪಿಗೂ ಪೆಟ್ಟು ಬಿತ್ತು. ಕೆಲವರು ಬಾಗಿಲು ಹಾಕಿದರು, ಕೆಲವರು ಪೆನ್ನು ಕಾಗದ ಹಿಡಿದರು. ಅಲ್ಲಿ ಒತ್ತೆಹಣದ ಬೇಡಿಕೆ ಇರಲಿಲ್ಲ, ಆದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿದಾಗ ಮಳಿಗೆಯ ಗತಿ ಏನಾಗುತ್ತದೆ ಎಂಬುದು ಅಂದೇ ಗೊತ್ತಾಯಿತು.

2022ರ ಆಗಸ್ಟ್‌ನಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೊಮೈನ್ ಲಾಜಿಸ್ಟಿಕ್ಸ್ ಎಂಬ ಗೋದಾಮು ಸಂಸ್ಥೆಯ ಮಾತೃಸಂಸ್ಥೆಯ ಮೇಲೆ ಸೈಬರ್ ದಾಳಿಯಾಯಿತು. ಪ್ರಾಂತ್ಯದ ಏಕೈಕ ಸಗಟು ಸರಬರಾಜುದಾರ ಒಂಟಾರಿಯೊ ಕ್ಯಾನಬಿಸ್ ಸ್ಟೋರ್‌ನ ಮಾಲು ಹೊರಡುತ್ತಿದ್ದದ್ದೇ ಆ ಗೋದಾಮಿನಿಂದ. ದಿನಗಟ್ಟಲೆ ಅಂಗಡಿಗಳಿಗೆ ಸರಕು ಬರಲಿಲ್ಲ. 2024ರ ಅಕ್ಟೋಬರ್ 10ರಿಂದ ನವೆಂಬರ್ 10ರ ನಡುವೆ ಕ್ಯಾಲಿಫೋರ್ನಿಯಾದ ಸ್ಟೀಝಿ ಮಳಿಗೆಗಳ ಗ್ರಾಹಕರ ಮಾಹಿತಿ ಬಿಲ್ಲಿಂಗ್ ಸೇವೆಯವರ ಕಡೆಯಿಂದ ಕಳುವಾಯಿತು: ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ವೈದ್ಯಕೀಯ ಗಾಂಜಾ ಕಾರ್ಡ್, ಖರೀದಿಯ ವಿವರ. ತೊಂದರೆಗೊಳಗಾದವರು ಸುಮಾರು 3.8 ಲಕ್ಷ ಜನ. ‘ಎವರೆಸ್ಟ್’ ಎಂಬ ರ‍್ಯಾನ್ಸಮ್‌ವೇರ್ ಗುಂಪು ಅದು ತನ್ನದೇ ಕೆಲಸ ಎಂದು ಹೇಳಿಕೊಂಡಿತು.

ಮೂರರಲ್ಲೂ ಹೊಡೆತ ಬಿದ್ದದ್ದು ಬೇರೆಯವರ ಸರ್ವರಿಗೆ, ಗ್ರಾಹಕರೆದುರು ನಿಂತು ಉತ್ತರ ಹೇಳಬೇಕಾದವರು ಮಳಿಗೆಯವರು.

ಈ ವ್ಯಾಪಾರಕ್ಕೆ ಇನ್ನೊಂದು ಕಡಿವಾಣ ಇದೆ, ಪರವಾನಗಿ. ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ಪೊಟ್ಟಣದ ಲೆಕ್ಕ ಸರ್ಕಾರ ಗಾಂಜಾದ ಜಾಡು ಇಡುವ ‘ಮೆಟ್ರ್ಕ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಬೇಕು. ಅದರ ಸಂಪರ್ಕ ತಪ್ಪಿದರೆ ನಡೆದ ವ್ಯವಹಾರವನ್ನೆಲ್ಲ ಬರೆದಿಡಬೇಕು, ಸಂಪರ್ಕ ಮರಳಿದ 3 ಕೆಲಸದ ದಿನಗಳೊಳಗೆ ಏರಿಸಬೇಕು. ಅಲ್ಲಿಯವರೆಗೆ ಮಾಲು ಸಾಗಿಸುವುದು, ಪಡೆಯುವುದು, ಮನೆಗೆ ತಲುಪಿಸುವುದು ಯಾವುದೂ ಇಲ್ಲ. ಕ್ಯಾಮೆರಾ ದೃಶ್ಯವನ್ನು 90 ದಿನ ಇಟ್ಟಿರಬೇಕು. ಬಿಲ್ಲಿಂಗ್ ಕಂಪ್ಯೂಟರಿನ ಜಾಲಕ್ಕೇ ಕ್ಯಾಮೆರಾ ರೆಕಾರ್ಡರನ್ನೂ ಜೋಡಿಸಿದ್ದರೆ ಒಂದೇ ದಾಳಿಗೆ ಎರಡೂ ಹೋಗುತ್ತವೆ. ರೆಕಾರ್ಡರಿಗೆ ಪ್ರತ್ಯೇಕ ಜಾಲ ಕೊಡಿ, ಹೊರಗಿನ ಇಂಟರ್ನೆಟ್ಟಿಗೆ ನೇರವಾಗಿ ತೆರೆಯಬೇಡಿ. ಕ್ಯಾಮೆರಾ ಹಾಕಿದವರು ಕೊಟ್ಟುಹೋದ ಪಾಸ್‌ವರ್ಡೇ ಇಂದಿಗೂ ಇದ್ದರೆ, ಮುಂದೆ ಓದುವುದನ್ನು ಬಿಟ್ಟು ಮೊದಲು ಅದನ್ನು ಬದಲಿಸಿ.

ಈಗ ಬ್ಯಾಕಪ್ಪಿನ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಕಳ್ಳರು ಸಾಮಾನ್ಯವಾಗಿ ಬರುವುದು ಕದ್ದ ಪಾಸ್‌ವರ್ಡಿನಿಂದ, ಇಂಟರ್ನೆಟ್ಟಿಗೆ ತೆರೆದಿಟ್ಟ, ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್‌ನಿಂದ (ಪೋರ್ಟ್ 3389), ಇಲ್ಲವೇ ರಿಪೇರಿಗೆ ಬಂದವರು ಹಾಕಿ ಮರೆತ ರಿಮೋಟ್ ಸಾಫ್ಟ್‌ವೇರ್‌ನಿಂದ. ಬಂದ ತಕ್ಷಣ ಬೀಗ ಹಾಕುವುದಿಲ್ಲ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಒಳಗಿದ್ದು ಅಡ್ಮಿನ್ ಪಾಸ್‌ವರ್ಡ್ ಹಿಡಿಯುತ್ತಾರೆ, ಮಾಹಿತಿ ಹೊರಗೆ ಸಾಗಿಸುತ್ತಾರೆ, ವಿಂಡೋಸ್‌ನ ಶ್ಯಾಡೋ ಪ್ರತಿಗಳನ್ನು (ಅದೇ ಯಂತ್ರದಲ್ಲಿ ಉಳಿಯುವ ಕಡತಗಳ ಹಳೆಯ ಪ್ರತಿ) ಅಳಿಸುತ್ತಾರೆ. ಬ್ಯಾಕಪ್ ಸರ್ವರ್ ಅದೇ ಅಡ್ಮಿನ್ ಖಾತೆಯಿಂದ ನಡೆಯುವ ಕಂಪ್ಯೂಟರ್ ಗುಂಪಿನಲ್ಲಿ, ಅಂದರೆ ಅದೇ ಡೊಮೈನ್‌ನಲ್ಲಿದ್ದರೆ ಅದೇ ಪಾಸ್‌ವರ್ಡಿಗೆ ಅದೂ ಬಾಗಿಲು ತೆರೆಯುತ್ತದೆ. ಹಾಗಾಗಿ ಬ್ಯಾಕಪ್ ಡೊಮೈನ್‌ನಿಂದ ಹೊರಗಿರಲಿ, ಅದರ ಖಾತೆ ಬೇರೆ, ಎರಡನೇ ಹಂತದ ದೃಢೀಕರಣವೂ ಬೇರೆ. ಒಂದು ಪ್ರತಿ ಕ್ಲೌಡ್‌ನಲ್ಲಿ ಅಡ್ಮಿನ್‌ಗೂ ಅಳಿಸಲಾಗದಂತೆ ಕನಿಷ್ಠ 30 ದಿನ ಲಾಕ್ ಆಗಿರಲಿ. ಏಳು ದಿನದ ಲಾಕ್ ಸಾಲದು. ಆ ಏಳು ದಿನವೂ ಕಳ್ಳ ಒಳಗೇ ಇದ್ದಿರಬಹುದು. ಇನ್ನೊಂದು ಪ್ರತಿ ತಂತಿ ಕಿತ್ತಿಟ್ಟ ಡಿಸ್ಕಿನಲ್ಲಿ.

ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರವೊಂದಕ್ಕೆ ಮರುಸ್ಥಾಪಿಸಿ ನೋಡಿ. 2 ಟಿಬಿ ಮಾಹಿತಿಯನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ಕ್ಲೌಡ್‌ನಿಂದ ಇಳಿಸಲು ಪೂರ್ತಿ ವೇಗ ಸಿಕ್ಕರೂ 44 ಗಂಟೆ ಬೇಕು. ಅಷ್ಟು ಹೊತ್ತು ಅಂಗಡಿ ನಡೆಯುವುದು ಕಾಗದದ ಮೇಲೆ. ದಿನವೂ ಬಾಗಿಲು ಹಾಕುವ ಮುನ್ನ ದಾಸ್ತಾನು ಪಟ್ಟಿಯನ್ನು ಪ್ರತಿ ಪೊಟ್ಟಣದ 24 ಅಕ್ಷರಗಳ ಟ್ಯಾಗ್ ಸಂಖ್ಯೆಯ ಸಮೇತ ಇಳಿಸಿ, ಜಾಲಕ್ಕೆ ಸೇರದ ಲ್ಯಾಪ್‌ಟಾಪಿನಲ್ಲಿಡಿ. ಮಾರಾಟದ ಚೀಟಿಯಲ್ಲಿ ಟ್ಯಾಗ್, ತೂಕ, ವೇಳೆ, ಮಾರಿದವರ ಗುರುತು ಇರಲಿ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರಿಗೆ ದಿನಕ್ಕೆ 28.5 ಗ್ರಾಂ ಹೂವಿನ ಮಿತಿಯನ್ನು ಆ ದಿನ ಸಾಫ್ಟ್‌ವೇರ್ ನೋಡಿಕೊಳ್ಳುವುದಿಲ್ಲ, ಕೌಂಟರಿನವರೇ ನೋಡಬೇಕು.

ಗುರುತಿನ ಚೀಟಿಯ ಸ್ಕ್ಯಾನ್ ಇಟ್ಟುಕೊಳ್ಳುವ ಚಟವನ್ನು ಬಿಡಿ. ಬ್ಯಾಕಪ್ ಎಷ್ಟೇ ಗಟ್ಟಿಯಿದ್ದರೂ ಕದ್ದ ಮಾಹಿತಿ ಮರಳುವುದಿಲ್ಲ. ವಯಸ್ಕರ ಬಳಕೆಯ ಮಳಿಗೆಗಳು ಗ್ರಾಹಕರ ಖಾಸಗಿ ಮಾಹಿತಿ ದಾಖಲಿಸಬೇಕಾಗಿಲ್ಲ ಎಂದು ಕೊಲೊರಾಡೊದ ಸಂವಿಧಾನವೇ ಹೇಳುತ್ತದೆ. 21 ತುಂಬಿದೆಯೇ ಎಂದು ನೋಡಿ ಚೀಟಿ ವಾಪಸ್ ಕೊಟ್ಟರಾಯಿತು. ಬಿಲ್ಲಿಂಗ್ ಕಂಪನಿ ಏನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ.

ಬೆಳೆಗಾರರಿಗೆ ಬೇರೆ ತಲೆನೋವು. ಹೂ ಬಿಡುವ ಹಂತದಲ್ಲಿ ಗಿಡಕ್ಕೆ ದಿನಕ್ಕೆ 12 ಗಂಟೆ ಕಡಿಯದ ಕತ್ತಲು ಬೇಕು. ದೀಪದ ನಿಯಂತ್ರಕ ಕೈಕೊಟ್ಟರೆ ಹೆಣ್ಣು ಗಿಡದಲ್ಲಿ ಗಂಡು ಹೂ ಕಾಣಿಸಿಕೊಂಡು ಬೀಜ ಕಟ್ಟಬಹುದು. ತೇವ ತೆಗೆಯುವ ಯಂತ್ರ ನಿಂತರೆ ಹೂ ಕೊಳೆಯುತ್ತದೆ. ದೀಪಕ್ಕೂ ನೀರಿಗೂ ಜಾಲದ ಹಂಗಿಲ್ಲದ ಟೈಮರ್ ಒಂದೊಂದು ಸಿದ್ಧವಿರಲಿ.

ದಾಳಿ ಗೊತ್ತಾದಾಗ ನೆಟ್‌ವರ್ಕ್ ತಂತಿ ಕೀಳಿ, ವೈಫೈ ನಿಲ್ಲಿಸಿ. ಆದರೆ ಕಂಪ್ಯೂಟರ್ ಆಫ್ ಮಾಡಬೇಡಿ, ಮೆಮೊರಿಯಲ್ಲಿರುವ ಸುಳಿವು ಅಳಿಸಿಹೋಗುತ್ತದೆ. ಮೆಟ್ರ್ಕ್‌ನ ಎಪಿಐ ಕೀಲಿಗಳನ್ನು (ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅಲ್ಲಿಗೆ ಪ್ರವೇಶಿಸಲು ಬಳಸುವ ಗುಪ್ತ ಸಂಕೇತ) ಸ್ವಚ್ಛ ಯಂತ್ರದಿಂದ ಕೂಡಲೇ ಬದಲಿಸಿ, ಇಲ್ಲದಿದ್ದರೆ ನಿಮ್ಮ ಹೆಸರಲ್ಲಿ ಬೇರೆಯವರು ಲೆಕ್ಕ ತಿದ್ದಬಹುದು. ಪರವಾನಗಿ ಇಲಾಖೆಗೂ ಎಫ್‌ಬಿಐಗೂ ತಿಳಿಸಿ. ರಾಜ್ಯದ ಪರವಾನಗಿ ಇದ್ದರೂ ಫೆಡರಲ್ (ಕೇಂದ್ರ) ಕಾನೂನು ಗಾಂಜಾ ವ್ಯಾಪಾರವನ್ನು ಒಪ್ಪದ ಕಾರಣ ಫೆಡರಲ್ ಪೊಲೀಸರೆಂದರೆ ಅಳುಕು ಸಹಜ, ಹಾಗಾಗಿ ಮೊದಲು ವಕೀಲರ ಮೂಲಕ ಹೋಗಿ. ಹಣ ಕೊಡುವ ಯೋಚನೆ ಬಂದರೂ ವಕೀಲರನ್ನೇ ಕೇಳಿ: ಹಣ ಪಡೆಯುವ ಗುಂಪು ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿದ್ದರೆ, ಅದು ಗೊತ್ತಿಲ್ಲದೆ ಕೊಟ್ಟವರ ಮೇಲೂ ಖಜಾನೆ ಇಲಾಖೆ ದಂಡ ಹಾಕಬಹುದು.