ಪರ್ಲ್‌ನಲ್ಲಿ ರೂಟ್ ಎಲ್ಲಿರಬೇಕು, ಕಂಟ್ರೋಲರ್ ಎಲ್ಲಿರಬೇಕು: ಮೂರು ವಿಧಾನಗಳ ಹೋಲಿಕೆ

ಶಿವಮೊಗ್ಗದ ಅಡಿಕೆ ಬೆಳೆಗಾರರ ಗುಂಪೊಂದಕ್ಕಾಗಿ ನಾನು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ನಿಗೆ ಇರುವುದು ಎರಡೇ ಕೆಲಸ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ಬಗೆಗಳ ಧಾರಣೆಯನ್ನು ದಿನವಾರು ತೋರಿಸುವುದು ಒಂದು. ಲಾಗಿನ್ ಆದ ಸದಸ್ಯರಿಗೆ ಅವರವರ ಮಾರಾಟದ ಲೆಕ್ಕ ಕೊಡುವುದು ಇನ್ನೊಂದು. ಇದನ್ನೇ ಪರ್ಲ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಕಟ್ಟಲು ನೆರವಾಗುವ ಚೌಕಟ್ಟುಗಳಾದ ಮೊಜೋಲಿಷಿಯಸ್ ಲೈಟ್, ಪೂರ್ಣ ಮೊಜೋಲಿಷಿಯಸ್ ಮತ್ತು ಡ್ಯಾನ್ಸರ್ 2 ಈ ಮೂರರಲ್ಲೂ ಬರೆದು, ಬಳಸಿ ನೋಡಿದ್ದೇನೆ. ರೂಟ್ ಎಂದರೆ ಯಾವ ವಿಳಾಸಕ್ಕೆ ಕೋರಿಕೆ ಬಂದರೆ ಯಾವ ಕೋಡ್ ಓಡಬೇಕು ಎಂಬ ನಿಯಮ, ಕಂಟ್ರೋಲರ್ ಎಂದರೆ ಆ ಕೋರಿಕೆಯನ್ನು ನಿಭಾಯಿಸುವ ಕೋಡ್.

ಲೈಟ್‌ನಲ್ಲಿ ಎಲ್ಲವೂ ಒಂದೇ ಕಡತದಲ್ಲಿರುತ್ತದೆ: ರೂಟ್, ಅದಕ್ಕೆ ಓಡುವ ಕೋಡಿನ ತುಣುಕಾದ ಸಬ್‌ರೂಟೀನ್, ಕೊನೆಯ ಡೇಟಾ ವಿಭಾಗದಲ್ಲಿ ಟೆಂಪ್ಲೇಟುಗಳು (ಪುಟಗಳ ಅಚ್ಚುಗಳು). ಧಾರಣೆಯ ಪುಟಗಳಷ್ಟೇ ಇದ್ದಾಗ ಇದಕ್ಕಿಂತ ಹಿತವಾದ ವ್ಯವಸ್ಥೆ ಬೇರೆ ಇರಲಿಲ್ಲ. ತೊಡಕು ಶುರುವಾಗುವುದು ಲಾಗಿನ್ ಬಂದಾಗ. ಲೈಟ್‌ನಲ್ಲಿ ‘ಅಂಡರ್’ ಎಂದು ಬರೆದ ಪರಿಶೀಲನೆಯು ಕಡತದಲ್ಲಿ ಅದರ ಕೆಳಗಿರುವ ಎಲ್ಲ ರೂಟ್‌ಗಳಿಗೂ, ಮುಂದಿನ ‘ಅಂಡರ್’ ಬರುವವರೆಗೆ, ಅನ್ವಯಿಸುತ್ತದೆ. ಹೀಗಾಗಿ ಸಾರ್ವಜನಿಕ ಪುಟವೊಂದನ್ನು ಕೆಳಗೆ ಸೇರಿಸಿದರೆ ಅದಕ್ಕೂ ಬೀಗ ಬೀಳುತ್ತದೆ. ಸದಸ್ಯರ ಪುಟವೊಂದು ಮೇಲೆ ಸರಿದರೆ ಅದು ಸದ್ದಿಲ್ಲದೆ ಎಲ್ಲರಿಗೂ ತೆರೆದುಕೊಳ್ಳುತ್ತದೆ. ‘ಗ್ರೂಪ್’ ಬಳಸಿ ಈ ವ್ಯಾಪ್ತಿಯನ್ನು ಕಟ್ಟಿಹಾಕಬಹುದು ನಿಜ, ಆದರೆ ಸಾಲುಗಳ ಕ್ರಮವೇ ಭದ್ರತೆಯನ್ನು ನಿರ್ಧರಿಸುವ ಕಡತವನ್ನು ಇನ್ನೊಬ್ಬರ ಕೈಗೊಪ್ಪಿಸಲು ನನಗೆ ಧೈರ್ಯ ಬರುವುದಿಲ್ಲ.

ಪೂರ್ಣ ಮೊಜೋಲಿಷಿಯಸ್‌ನಲ್ಲಿ ರೂಟ್‌ಗಳೆಲ್ಲ ‘ಸ್ಟಾರ್ಟಪ್’ ಮೆಥಡ್‌ನಲ್ಲಿ ಒಟ್ಟಿಗಿರುತ್ತವೆ, ಕೆಲಸ ಮಾಡುವ ಕೋಡ್ ಕಂಟ್ರೋಲರ್ ಕ್ಲಾಸುಗಳಲ್ಲಿರುತ್ತದೆ, ಎರಡನ್ನೂ ‘ಧಾರಣೆ#ದಿನ’ ಎಂಬಂಥ ಚಿಕ್ಕ ಗುರುತು ಬೆಸೆಯುತ್ತದೆ. ಇಲ್ಲಿ ‘ಅಂಡರ್’ ಒಂದು ರೂಟ್ ಆಬ್ಜೆಕ್ಟನ್ನು ಹಿಂದಿರುಗಿಸುತ್ತದೆ. ಅದನ್ನು ‘ಸದಸ್ಯ’ ಎಂಬ ವೇರಿಯಬಲ್‌ನಲ್ಲಿಟ್ಟು ಲೆಕ್ಕದ ಪುಟಗಳನ್ನು ಅದರಿಂದಲೇ ಕವಲೊಡೆಸಿದರೆ, ಯಾವುದಕ್ಕೆ ಲಾಗಿನ್ ಬೇಕು ಎಂಬುದು ಆಯಾ ಸಾಲಿನಲ್ಲೇ ಕಾಣುತ್ತದೆ. ಗುರುತಿನಲ್ಲಿ ಅಕ್ಷರ ತಪ್ಪಿದರೆ ಅಪ್ಲಿಕೇಶನ್ ಏಳುವಾಗ ಗೊತ್ತಾಗುವುದಿಲ್ಲ, ಆ ವಿಳಾಸಕ್ಕೆ ಕೋರಿಕೆ ಬಂದಾಗಲೇ ಗೊತ್ತಾಗುತ್ತದೆ ಎಂಬುದು ಇದರ ಕೊರತೆ. ಆದ್ದರಿಂದ ಪ್ರತಿ ರೂಟ್‌ಗೂ ಜೊತೆಗೇ ಬರುವ ಟೆಸ್ಟ್ ಮೊಜೋದಲ್ಲಿ ಒಂದು ಪರೀಕ್ಷೆಯಾದರೂ ಇರಬೇಕು.

ಡ್ಯಾನ್ಸರ್ 2ರ ಬರವಣಿಗೆ ಮೂರರಲ್ಲೂ ಓದಲು ಸೊಗಸಾದದ್ದು. ‘ಪ್ರಿಫಿಕ್ಸ್’ ಬ್ಲಾಕಿನೊಳಗೆ ರೂಟ್‌ಗಳನ್ನು ಗುಂಪು ಮಾಡಬಹುದು. ‘ಆಪ್‌ನೇಮ್’ ಕೊಟ್ಟು ಒಂದೇ ಅಪ್ಲಿಕೇಶನ್ನನ್ನು ಹಲವು ಪ್ಯಾಕೇಜುಗಳಿಗೆ ಹರಡಬಹುದು. ಆದರೆ ರೂಟ್‌ಗಳೂ ಪ್ಯಾಕೇಜುಗಳ ಜೊತೆಗೇ ಚದುರಿಹೋಗುತ್ತವೆ. ಮೊದಲು ಹೊಂದಿದ ರೂಟೇ ಗೆಲ್ಲುವುದರಿಂದ, ಯಾವ ಪ್ಯಾಕೇಜನ್ನು ಮೊದಲು ಲೋಡ್ ಮಾಡಿದ್ದೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ‘ಬಿಫೋರ್’ ಹುಕ್ (ರೂಟ್‌ನ ಕೋಡಿಗೂ ಮೊದಲು ಓಡುವ ತುಣುಕು) ಇಡೀ ಅಪ್ಲಿಕೇಶನ್ನಿಗೆ ಅನ್ವಯಿಸುವ ಕಾರಣ, ಲಾಗಿನ್ ಪರಿಶೀಲನೆಯನ್ನು ಅದರಲ್ಲಿಟ್ಟರೆ ಅದರೊಳಗೆ ಮತ್ತೆ ವಿಳಾಸಗಳನ್ನು ಹೋಲಿಸುತ್ತ ಕೂರಬೇಕು.

ಒಂದು ಸಣ್ಣ ವಿಷಯದಲ್ಲಿ ಮಾತ್ರ ಡ್ಯಾನ್ಸರ್ ಮುಂದು. ನಮ್ಮವರು ದಿನಾಂಕವನ್ನು 15.08.2024 ಎಂದು ಚುಕ್ಕಿ ಇಟ್ಟೇ ಬರೆಯುತ್ತಾರೆ. ಡ್ಯಾನ್ಸರ್‌ನ ಕೋಲನ್ ಪ್ಲೇಸ್‌ಹೋಲ್ಡರ್ (ವಿಳಾಸದಲ್ಲಿ ದಿನಾಂಕದಂತೆ ಬದಲಾಗುವ ಭಾಗವನ್ನು ಸೂಚಿಸುವ ಗುರುತು) ಮುಂದಿನ ಓರೆಗೆರೆಯವರೆಗೆ ಇರುವುದನ್ನೆಲ್ಲ ಹಿಡಿಯುತ್ತದೆ. ಮೊಜೋಲಿಷಿಯಸ್‌ನ ಕೋಲನ್ ಚುಕ್ಕಿಯನ್ನೂ ಒಪ್ಪದು, ಪುಟ ಸಿಗಲಿಲ್ಲ ಎನ್ನುತ್ತದೆ. ಅಲ್ಲಿ ಕೋಲನ್ ಬದಲು ಹ್ಯಾಷ್ ಚಿಹ್ನೆ ಬೇಕು.

ಅನುಸ್ಥಾಪನೆಯ ವಿಚಾರ, ಮಲೆನಾಡಿನವರಿಗಾಗಿ: ಮೊಜೋಲಿಷಿಯಸ್ ಪರ್ಲ್ ಜೊತೆಗೆ ಬರುವ ಮಾಡ್ಯೂಲ್‌ಗಳ ಹೊರತು ಬೇರೇನನ್ನೂ ಕಡ್ಡಾಯವಾಗಿ ಕೇಳುವುದಿಲ್ಲ, ಡ್ಯಾನ್ಸರ್ 2 ಪರ್ಲ್ ಮಾಡ್ಯೂಲ್‌ಗಳ ಆನ್‌ಲೈನ್ ಭಂಡಾರವಾದ ಸಿಪಿಎಎನ್‌ನಿಂದ ಪ್ಲ್ಯಾಕ್, ಮೂ ಮೊದಲಾದ ಮಾಡ್ಯೂಲ್‌ಗಳ ಒಂದು ಹಿಂಡನ್ನೇ ಎಳೆದು ತರುತ್ತದೆ. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯಾಚೆ ಕರೆಂಟೂ ನೆಟ್‌ವರ್ಕೂ ಸರದಿಯಲ್ಲಿ ಹೋಗುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಹಾಗಾಗಿ ನಾನು ಉಳಿಸಿಕೊಂಡದ್ದು ಪೂರ್ಣ ಮೊಜೋಲಿಷಿಯಸ್. ಲಾಗಿನ್ ಇಲ್ಲದ ಪುಟ್ಟ ಕೆಲಸಕ್ಕೆ ಇಂದಿಗೂ ಲೈಟನ್ನೇ ಆರಿಸುತ್ತೇನೆ, ಏಕೆಂದರೆ ಅಲ್ಲಿಂದ ಮುಂದಕ್ಕೆ ಸಾಗುವುದು ಕಷ್ಟವಲ್ಲ: ‘ಇನ್‌ಫ್ಲೇಟ್’ ಆಜ್ಞೆಯು ಡೇಟಾ ವಿಭಾಗದ ಟೆಂಪ್ಲೇಟುಗಳನ್ನು ಬೇರೆ ಕಡತಗಳಾಗಿ ಬಿಡಿಸಿಕೊಡುತ್ತದೆ, ಎರಡೂ ಕಡೆ ಮೊದಲ ಆರ್ಗ್ಯುಮೆಂಟ್ ಕಂಟ್ರೋಲರ್ ಆಬ್ಜೆಕ್ಟೇ ಆಗಿರುವುದರಿಂದ ಸಬ್‌ರೂಟೀನ್‌ನ ಒಡಲನ್ನು ಬಹುಮಟ್ಟಿಗೆ ಇದ್ದ ಹಾಗೆಯೇ ಎತ್ತಿ ಮೆಥಡ್‌ನೊಳಗೆ ಇಡಬಹುದು.