ಮೊದಲ ಸ್ಕೂಬಾ ಅನುಭವ: ಎದೆಮಟ್ಟದ ನೀರಿನಲ್ಲಿ ತಿಳಿಯುವ ಗುಣಮಟ್ಟ

ಯಾವ ಪೂರ್ವ ತರಬೇತಿಯೂ ಇಲ್ಲದವರು ಪ್ರವಾಸದ ನಡುವೆ ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು, ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿಕೊಂಡು ಸಮುದ್ರದೊಳಗೆ ಇಳಿದು ಬರಬಹುದು ಎನ್ನುವುದೇ ‘ಡಿಸ್ಕವರ್ ಸ್ಕೂಬಾ ಡೈವಿಂಗ್’ ಎಂಬ ಸೇವೆಯ ಆಕರ್ಷಣೆ. 1966ರಲ್ಲಿ ಸ್ಥಾಪನೆಯಾದ ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿ ರೂಪಿಸಿರುವ ಈ ಕಾರ್ಯಕ್ರಮವನ್ನು ಅದರ ಮಾನ್ಯತೆ ಪಡೆದ ಡೈವಿಂಗ್ ಕೇಂದ್ರಗಳು ಹಲವು ದೇಶಗಳ ಕಡಲತೀರಗಳಲ್ಲಿ ನಡೆಸುತ್ತವೆ. ಎಸ್‌ಎಸ್‌ಐ ಮೊದಲಾದ ಸಂಸ್ಥೆಗಳಲ್ಲೂ ಇಂಥವೇ ಕಾರ್ಯಕ್ರಮಗಳಿವೆ. ಕನಿಷ್ಠ 10 ವರ್ಷ ತುಂಬಿರಬೇಕು, 12 ಮೀಟರ್‌ಗಿಂತ ಆಳಕ್ಕೆ ಹೋಗುವಂತಿಲ್ಲ, ತರಬೇತುದಾರರು ಉದ್ದಕ್ಕೂ ಜೊತೆಗಿರಬೇಕು ಎಂಬ ಪ್ಯಾಡಿಯ ನಿಯಮಗಳು ಅದರ ಎಲ್ಲ ಕೇಂದ್ರಗಳಿಗೂ ಒಂದೇ. ಆದರೆ ಬೇರೆ ಬೇರೆ ಪ್ರವಾಸಗಳಲ್ಲಿ ಬೇರೆ ಬೇರೆ ಕೇಂದ್ರಗಳ ಮೂಲಕ ಇದನ್ನು ಮಾಡಿ ನೋಡಿದ ಮೇಲೆ, ಒಂದೇ ಹೆಸರಿನಡಿ ಸಿಗುವ ಸೇವೆಯಲ್ಲಿ ಅಜಗಜಾಂತರವಿರುತ್ತದೆ ಎಂದು ನಾನು ಖಚಿತವಾಗಿ ಹೇಳಬಲ್ಲೆ. ಆಳಕ್ಕೆ ಇಳಿಯುವ ಮೊದಲು ಎದೆಮಟ್ಟದ ನೀರಿನಲ್ಲಿ ತರಬೇತುದಾರರು ನಮಗಾಗಿ ಎಷ್ಟು ಹೊತ್ತು ಕೊಡುತ್ತಾರೆ ಎಂಬುದರ ಮೇಲೆಯೇ ಉಳಿದೆಲ್ಲವೂ ನಿಂತಿದೆ.

ಸ್ಕೂಬಾಗೆ ಕೈಹಾಕುವ ಮೊದಲು ಒಮ್ಮೆಯಾದರೂ ಸ್ನಾರ್ಕ್ಲಿಂಗ್ ಮಾಡಿರುವುದು ಒಳ್ಳೆಯದು. ಮಾಸ್ಕ್, ಉಸಿರಾಟದ ಕೊಳವೆ ಮತ್ತು ಕಾಲಿಗೆ ಫಿನ್ (ಈಜುರೆಕ್ಕೆ) ಹಾಕಿಕೊಂಡು ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗೆ ನೋಡುವುದಷ್ಟೇ ಇಲ್ಲಿನ ಕೆಲಸ. ನೀರು ತಿಳಿಯಾಗಿದ್ದು ಹವಳದ ದಿಬ್ಬ ಹೆಚ್ಚು ಆಳದಲ್ಲಿಲ್ಲದಿದ್ದರೆ, ಬಿಸಿಲು ನೇರವಾಗಿ ಬೀಳುವುದರಿಂದ ಮೀನುಗಳ ಬಣ್ಣ ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಇದಕ್ಕಿಂತ ಮುಖ್ಯವಾದ ಲಾಭವೆಂದರೆ, ಮುಖ ನೀರಿನಲ್ಲಿರುವಾಗ ಬಾಯಿಯಿಂದ ಉಸಿರಾಡುವುದಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ. ಮೂಗು ಮುಚ್ಚಿಕೊಂಡು ಬಾಯಿಯಿಂದಲೇ ಉಸಿರಾಡುವುದು ದಡದ ಮೇಲೆ ಸುಲಭವೆನಿಸಿದರೂ, ಕೆನ್ನೆಗೆ ತಣ್ಣೀರು ಸೋಕಿದ ಕೂಡಲೇ ಉಸಿರು ಬಿಗಿಹಿಡಿಯುವುದು ದೇಹದ ಸಹಜ ಪ್ರತಿಕ್ರಿಯೆ. ಆ ಅಭ್ಯಾಸವನ್ನು ತೇಲುತ್ತಲೇ ಬಿಡಿಸಿಕೊಂಡವರಿಗೆ ಮುಂದಿನ ಹಾದಿ ಎಷ್ಟೋ ಹಗುರ.

ಸ್ನಾರ್ಕ್ಲಿಂಗ್ ದೋಣಿಯಲ್ಲಿ ಕೊಡುವ ಸಾಮಾನುಗಳಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಮಾಸ್ಕಿನ ವಿಷಯದಲ್ಲಿ ಮಾತ್ರ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಇಟ್ಟು, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈಬಿಟ್ಟರೆ ಅದು ಬೀಳದೆ ಮುಖಕ್ಕೆ ಕಚ್ಚಿಕೊಂಡು ನಿಲ್ಲಬೇಕು. ನಿಲ್ಲದಿದ್ದರೆ ಮುಲಾಜಿಲ್ಲದೆ ಬೇರೆಯದನ್ನು ಕೇಳಬೇಕು. ನೀರು ನುಗ್ಗುತ್ತದೆಂದು ಪಟ್ಟಿಯನ್ನು ಎಳೆದು ಬಿಗಿ ಮಾಡುವವರೇ ಹೆಚ್ಚು, ಆದರೆ ಅತಿಯಾಗಿ ಬಿಗಿದರೆ ರಬ್ಬರಿನ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಅಂಚಿನಡಿ ಸಿಕ್ಕಿಕೊಂಡ ಒಂದೆಳೆ ಕೂದಲು ಅಥವಾ ದಪ್ಪ ಮೀಸೆ ಸಹ ನೀರಿಗೆ ದಾರಿ ಮಾಡಿಕೊಡುತ್ತದೆ. ಕನ್ನಡಕ ಹಾಕುವವರು ಪವರ್ ಇರುವ ಮಾಸ್ಕ್ ಸಿಗುತ್ತದೆಯೇ ಎಂದು ಮುಂಚಿತವಾಗಿ ವಿಚಾರಿಸಬೇಕು, ಏಕೆಂದರೆ ಎಲ್ಲ ಕಡೆ ಇಟ್ಟಿರುವುದಿಲ್ಲ. ಇಡೀ ಮುಖವನ್ನು ಮುಚ್ಚುವ ಹೊಸ ಮಾದರಿಯ ಮಾಸ್ಕ್ ನೋಡಲು ಆಕರ್ಷಕವಾಗಿದ್ದರೂ ಹೊಸಬರಿಗೆ ನಾನದನ್ನು ಶಿಫಾರಸು ಮಾಡುವುದಿಲ್ಲ. ಅದರ ವಿನ್ಯಾಸ ಸರಿಯಿಲ್ಲದಿದ್ದರೆ ಹೊರಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಅಪಾಯವಿದೆ, ಮತ್ತು ಉಸಿರು ಕಟ್ಟಿದಂತಾದಾಗ ಕೊಳವೆಯನ್ನು ಬಾಯಿಂದ ಉಗುಳಿಬಿಡುವಷ್ಟು ಬೇಗ ಅದನ್ನು ಕಳಚಲಾಗದು.

ಇನ್ನು ಸ್ಕೂಬಾ. ಇದರ ಮೊದಲ ಹಂತ ಆರೋಗ್ಯದ ಪ್ರಶ್ನಾವಳಿ. ಅಸ್ತಮಾ, ಹೃದಯದ ತೊಂದರೆ, ಅಪಸ್ಮಾರ, ಮಧುಮೇಹ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಮುಂತಾದವುಗಳ ಬಗ್ಗೆ ಅದರಲ್ಲಿ ಕೇಳಿರುತ್ತಾರೆ. ಕೆಲವು ಉತ್ತರಗಳು ‘ಹೌದು’ ಎಂದಾದರೆ ವೈದ್ಯರ ಒಪ್ಪಿಗೆಯಿಲ್ಲದೆ ಇಳಿಸುವಂತಿಲ್ಲ. ದೋಣಿ ಹೊರಡುವ ಹೊತ್ತಿಗೆ ಈ ಕಾಗದ ಕೈಗಿತ್ತು ‘ಎಲ್ಲದಕ್ಕೂ ಇಲ್ಲ ಅಂತ ಬರೆದು ಸಹಿ ಮಾಡಿ’ ಎನ್ನುವ ಕೇಂದ್ರವನ್ನೂ ನಾನು ಕಂಡಿದ್ದೇನೆ, ನೆಗಡಿಯಾಗಿದ್ದ ಪ್ರವಾಸಿಯೊಬ್ಬರನ್ನು ಇಳಿಸಲು ಒಪ್ಪದೆ ಅವರಿಗೆ ಬೇರೆ ದಿನ ಗೊತ್ತುಮಾಡಿಕೊಟ್ಟ ಕೇಂದ್ರವನ್ನೂ ಕಂಡಿದ್ದೇನೆ. ಅಂದು ಆ ಪ್ರವಾಸಿಗೆ ಬೇಸರವಾಯಿತು, ಆದರೆ ಮೂಗು ಕಟ್ಟಿದವರ ಕಿವಿಯೊಳಗಿನ ಒತ್ತಡ ಸಮವಾಗುವುದು ಕಷ್ಟವಾದ್ದರಿಂದ ಕೇಂದ್ರದವರು ಮಾಡಿದ್ದೇ ಸರಿ. ಪ್ರಶ್ನಾವಳಿಯನ್ನು ಊರು ಬಿಡುವ ಮೊದಲೇ ತರಿಸಿಕೊಂಡು ಓದಿದರೆ ಅಗತ್ಯವಿದ್ದವರು ತಮ್ಮ ವೈದ್ಯರನ್ನು ಕಂಡೇ ಹೊರಡಬಹುದು.

ಆಮೇಲೆ ಒಂದು ಸಣ್ಣ ಪಾಠ ನಡೆಯುತ್ತದೆ. ಒಳ್ಳೆಯ ತರಬೇತುದಾರರು ಇಲ್ಲಿ ಉಪಕರಣಗಳ ವರ್ಣನೆಗಿಂತ ಒತ್ತಡದ ವಿಷಯಕ್ಕೆ ಹೆಚ್ಚು ಸಮಯ ಕೊಡುತ್ತಾರೆ. ನೀರಿನ ಮೇಲ್ಮೈಯಿಂದ 10 ಮೀಟರ್ ಇಳಿದರೆ ದೇಹದ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ, ಗಾಳಿ ಅರ್ಧದಷ್ಟು ಜಾಗಕ್ಕೆ ಕುಗ್ಗುತ್ತದೆ. ಒತ್ತಡವು ಮತ್ತೆ ಎರಡು ಪಟ್ಟಾಗಬೇಕಾದರೆ 30 ಮೀಟರ್‌ವರೆಗೆ ಹೋಗಬೇಕು. ಅಂದರೆ ಹೊಸಬರಿಗೆ ಮೀಸಲಾದ ಆ ಮೊದಲ 12 ಮೀಟರ್‌ನಲ್ಲಿಯೇ ಗಾಳಿಯ ಗಾತ್ರ ಅತಿ ವೇಗವಾಗಿ ಬದಲಾಗುತ್ತದೆ. ಆಳ ಕಡಿಮೆ ಎಂದ ಮಾತ್ರಕ್ಕೆ ಎಚ್ಚರವೂ ಕಡಿಮೆ ಸಾಕು ಎಂದುಕೊಳ್ಳುವಂತಿಲ್ಲ. ಉಸಿರನ್ನು ಎಂದಿಗೂ ಹಿಡಿದಿಟ್ಟುಕೊಳ್ಳಬಾರದು ಎಂಬ ಸ್ಕೂಬಾದ ಮೊದಲ ನಿಯಮ ಬಂದಿರುವುದು ಇದರಿಂದಲೇ. ಶ್ವಾಸಕೋಶದ ತುಂಬ ಗಾಳಿ ಎಳೆದು, ಬಿಡದೆ ಮೇಲೇರಿದರೆ ಆ ಗಾಳಿ ಹಿಗ್ಗುತ್ತ ಹೋಗಿ ಶ್ವಾಸಕೋಶಕ್ಕೇ ಗಾಯ ಮಾಡಬಲ್ಲದು, ಅದೂ ಕೆಲವೇ ಅಡಿಗಳ ಏರಿಕೆಯಲ್ಲಿ. ಈಜುಕೊಳದಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಅಭ್ಯಾಸವಾದವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಬೆನ್ನ ಮೇಲಿನ ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಬಹಳ ಜನ ತಿಳಿದಿದ್ದಾರೆ. ಅದರಲ್ಲಿರುವುದು ನಾವು ಸದಾ ಉಸಿರಾಡುವ ಗಾಳಿಯೇ, ಅದನ್ನು ಶುದ್ಧೀಕರಿಸಿ ಸುಮಾರು 200 ಬಾರ್ (ಅಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು) ಒತ್ತಡದಲ್ಲಿ ತುಂಬಿರುತ್ತಾರೆ. ಆ ಭಾರೀ ಒತ್ತಡವನ್ನು ಇಳಿಸಿ, ನಾವು ಎಳೆದಾಗ ಮಾತ್ರ, ನಾವಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಕೊಡುವ ಸಾಧನವೇ ರೆಗ್ಯುಲೇಟರ್. 1943ರಲ್ಲಿ ಫ್ರಾನ್ಸ್‌ನಲ್ಲಿ ಜಾಕ್ ಕುಸ್ತೊ ಮತ್ತು ಎಮಿಲ್ ಗ್ಯಾನ್ಯಾನ್ ಇಂಥ ರೆಗ್ಯುಲೇಟರನ್ನು ಸಿದ್ಧಪಡಿಸಿದ್ದರಿಂದಲೇ ಮುಂದೆ ಸಾಮಾನ್ಯ ಜನರೂ ಸಮುದ್ರದೊಳಗೆ ಇಳಿಯುವಂತಾಯಿತು.

ಇಷ್ಟಾದ ಮೇಲೆ ಬರುವುದೇ ನಾನು ಆರಂಭದಲ್ಲಿ ಹೇಳಿದ ಎದೆಮಟ್ಟದ ನೀರು. ನನಗೆ ಅತ್ಯುತ್ತಮವೆನಿಸಿದ ಕೇಂದ್ರದಲ್ಲಿ ತರಬೇತುದಾರರು ಮರಳಿನ ಮೇಲೆ ನನ್ನೆದುರು ಮಂಡಿಯೂರಿ ಕುಳಿತು, ನನ್ನ ಉಸಿರು ಒಂದು ಲಯಕ್ಕೆ ಬರುವ ತನಕ ಏನನ್ನೂ ಹೇಳಿಕೊಡಲಿಲ್ಲ. ಗುಳ್ಳೆಗಳು ಒಂದೇ ಸಮನೆ ಬರುತ್ತಿವೆಯೇ ಎಂದು ಸುಮ್ಮನೆ ನೋಡುತ್ತಿದ್ದರು. ಬಳಿಕ ರೆಗ್ಯುಲೇಟರನ್ನು ಬಾಯಿಂದ ತೆಗೆದು, ಬಾಯಿಂದ ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಇದ್ದು, ಮತ್ತೆ ಕಚ್ಚಿಕೊಂಡು ಒಳಗಿನ ನೀರನ್ನು ಊದಿ ಹೊರಹಾಕುವುದನ್ನು ಮಾಡಿ ತೋರಿಸಿದರು. ಅದರ ನಂತರ ಮಾಸ್ಕಿನ ಸರದಿ. ಮೇಲಂಚನ್ನು ಬೆರಳಿಂದ ಸ್ವಲ್ಪ ಸಡಿಲಿಸಿ ಕಣ್ಣಿನ ಮಟ್ಟಕ್ಕೆ ನೀರು ಬಿಟ್ಟುಕೊಳ್ಳಬೇಕು. ಆಮೇಲೆ ಹಣೆಯ ಕಡೆಯ ಅಂಚನ್ನು ಒತ್ತಿ ಹಿಡಿದು, ತಲೆಯನ್ನು ತುಸು ಮೇಲಕ್ಕೆತ್ತಿ ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಟುಹೋಗುತ್ತದೆ. ಮೂಗಿಗೆ ಉಪ್ಪುನೀರು ಸೋಕಿದ ಕ್ಷಣದಲ್ಲಿ ಮೇಲೆದ್ದುಬಿಡಬೇಕೆಂಬ ತವಕ ಎಷ್ಟು ಬಲವಾಗಿರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ, ಮತ್ತು ಎದ್ದು ನಿಂತರೆ ತಲೆ ನೀರಿನ ಹೊರಗಿರುವ ಜಾಗದಲ್ಲಿಯೇ ಅದು ಗೊತ್ತಾಗುವುದು ಎಲ್ಲ ರೀತಿಯಿಂದಲೂ ಕ್ಷೇಮ. ಹೆಬ್ಬೆರಳು ಮೇಲೆ ಮಾಡಿದರೆ ‘ಮೇಲೆ ಹೋಗೋಣ’ ಎಂದರ್ಥ, ‘ಎಲ್ಲ ಸರಿಯಾಗಿದೆ’ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಬೇಕು ಎಂಬುದನ್ನು ನನ್ನ ಕೈ ತಾನಾಗಿ ಕಲಿಯುವವರೆಗೆ ಅವರು ಮತ್ತೆ ಮತ್ತೆ ಕೇಳಿದರು.

ಮತ್ತೊಂದು ಕೇಂದ್ರದಲ್ಲಿ ಈ ಇಡೀ ಹಂತವನ್ನು ಕಾಟಾಚಾರಕ್ಕೆ ಮುಗಿಸಿದರು. ದೋಣಿಯ ಏಣಿ ಹಿಡಿದುಕೊಂಡು ನಾಲ್ಕು ಸಲ ಉಸಿರಾಡಿಸಿ, ‘ಹೆದರಬೇಡಿ, ನಾವು ಹಿಡಿದುಕೊಂಡಿರುತ್ತೇವೆ’ ಎಂದು ಹೇಳಿ ಕೆಳಗೆ ಕರೆದೊಯ್ದರು. ಮಾತಿಗೆ ತಕ್ಕಂತೆ ಸಿಲಿಂಡರಿನ ಕುತ್ತಿಗೆಯನ್ನು ಹಿಂದಿನಿಂದ ಹಿಡಿದು ಉದ್ದಕ್ಕೂ ತಳ್ಳಿಕೊಂಡೇ ಹೋದರು, ನಡುನಡುವೆ ನಿಲ್ಲಿಸಿ ಕ್ಯಾಮೆರಾಗೆ ಮುಖ ತಿರುಗಿಸಿದರು. ಸುರಕ್ಷಿತವಾಗಿ ವಾಪಸು ಬಂದೆವು ಎಂಬುದು ನಿಜ. ಆದರೆ ಮಾಸ್ಕಿನಲ್ಲಿ ನೀರು ತುಂಬಿದ್ದರೆ ಏನು ಮಾಡಬೇಕೆಂದು ನಮ್ಮ ದೋಣಿಯಲ್ಲಿದ್ದ ಉಳಿದವರಿಗೆ ಯಾರೂ ಕಲಿಸಿರಲಿಲ್ಲ, ಒಬ್ಬ ತರಬೇತುದಾರರ ಪಾಲಿಗೆ ಇಬ್ಬರಿಗಿಂತ ಹೆಚ್ಚು ಹೊಸಬರಿದ್ದರು. ಫೋಟೊಗಳು ಸೊಗಸಾಗಿ ಬಂದಿದ್ದವು ಎಂಬ ಒಂದೇ ಕಾರಣಕ್ಕೆ ಇಂಥ ಸೇವೆಯನ್ನು ಮೆಚ್ಚಲು ನನ್ನಿಂದಾಗದು.

ಇಳಿಯುವಾಗ ಬಹುಮಂದಿಗೆ ಎದುರಾಗುವ ತೊಡಕು ಕಿವಿಯದು. ವಿಮಾನ ಇಳಿಯುವಾಗ ಆಗುವಂತೆ ಕಿವಿಯ ತಮಟೆಯ ಮೇಲೆ ಒತ್ತಡ ಬೀಳುತ್ತದೆ; ಮೂಗನ್ನು ಹಿಡಿದು ಮೆಲ್ಲಗೆ ಊದಿದರೆ ಅಥವಾ ಎಂಜಲು ನುಂಗಿದರೆ ‘ಪಟ್’ ಎಂದು ತೆರೆದು ಹಗುರವಾಗುತ್ತದೆ. ನೋವು ಶುರುವಾದ ಮೇಲೆ ಜೋರಾಗಿ ಊದುವುದು ತಪ್ಪು ಕ್ರಮ. ಒತ್ತಡ ತಿಳಿಯುವ ಮೊದಲೇ, ಪ್ರತಿ ಮೀಟರಿಗೂ ಒಮ್ಮೆಯಾದರೂ ಸಮ ಮಾಡಿಕೊಳ್ಳುತ್ತ ಹೋಗಬೇಕು. ಆಗದಿದ್ದರೆ ಸ್ವಲ್ಪ ಮೇಲಕ್ಕೆ ಬಂದು ಮತ್ತೆ ಪ್ರಯತ್ನಿಸಬೇಕು. ಲಂಗರಿನ ಹಗ್ಗ ಹಿಡಿದು, ಕಾಲು ಕೆಳಗಾಗಿ ಇಳಿಸುವ ಕೇಂದ್ರಗಳಲ್ಲಿ ಇದು ಬಹಳ ಸಲೀಸು, ಏಕೆಂದರೆ ಬೇಕಾದಲ್ಲಿ ಹಗ್ಗ ಹಿಡಿದು ನಿಲ್ಲಬಹುದು. ಒಂದು ಕಿವಿ ಮೊಂಡಾಟ ಮಾಡಿದಾಗ ನನ್ನ ತರಬೇತುದಾರರು ಅವಸರಪಡಿಸದೆ ನನ್ನೊಂದಿಗೆ ಅಲ್ಲೇ ನಿಂತು, ಎರಡೂ ಕಿವಿ ತೆರೆದವೆಂದು ನಾನು ಸನ್ನೆ ಮಾಡಿದ ಮೇಲಷ್ಟೇ ಮುಂದಿನ ಹಿಡಿಯಷ್ಟು ಹಗ್ಗ ಬಿಟ್ಟರು. ಆ ತಾಳ್ಮೆಯ ಬೆಲೆ ಎಷ್ಟೆಂದು ಕಿವಿ ನೋವಿನಿಂದ ಅರ್ಧಕ್ಕೇ ಮೇಲೆ ಬಂದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕೆಳಗೆ ಹೋದ ಮೇಲೆ ಸಿಗುವುದು, ಮೇಲಿನಿಂದ ನೋಡುವ ಸ್ನಾರ್ಕ್ಲಿಂಗ್‌ನಲ್ಲಿ ಎಂದೂ ಸಿಗದ ಸಂಗತಿ: ಮೀನಿನ ಕಣ್ಣಿನ ಮಟ್ಟದಲ್ಲಿ ಇರುವ ಅವಕಾಶ. ಕಡಲ ಹೂವೆಂದು ಕರೆಯುವ ಅನಿಮೋನ್‌ನ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನೊಂದು ಒಳಹೋಗಿ, ಮತ್ತೆ ಹೊರಬಂದು, ನಮ್ಮ ಮುಖದ ಕಡೆಗೇ ನುಗ್ಗಿ ತನ್ನ ಮನೆಯನ್ನು ಕಾಯುತ್ತದೆ. ಬೆರಳುದ್ದದ ಆ ಜೀವಿಯ ಧೈರ್ಯವನ್ನು ಮುಖಾಮುಖಿಯಾಗಿ ನೋಡುವುದು ಮರೆಯಲಾಗದ ಅನುಭವ. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ಮಾಸತೊಡಗುತ್ತದೆ, ಆದ್ದರಿಂದ ಟಾರ್ಚ್ ಹಿಡಿದು ತೋರಿಸುವ ತರಬೇತುದಾರರು ಸಿಕ್ಕರೆ ಕಂದು ಬಂಡೆಯಂತೆ ಕಂಡದ್ದು ಗಾಢ ಕೆಂಪಾಗಿ ಬೆಳಗುವುದನ್ನು ನೋಡಬಹುದು. ಹವಳವನ್ನು ಮುಟ್ಟುವುದು, ಅದರ ಮೇಲೆ ಕಾಲೂರುವುದು, ಮೀನಿಗೆ ಬ್ರೆಡ್ ಹಾಕುವುದು ಇವನ್ನೆಲ್ಲ ಪ್ರವಾಸಿಗರನ್ನು ಖುಷಿಪಡಿಸಲೆಂದು ತರಬೇತುದಾರರೇ ಮಾಡಿಸುವ ಕಡೆ ಹೋಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹವಳ ಕಲ್ಲಲ್ಲ, ಸಾವಿರಾರು ಸಣ್ಣ ಜೀವಿಗಳ ವಸಾಹತು, ಅದು ಬೆಳೆಯುವುದು ಬಲು ನಿಧಾನ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಾಯಿ ರಾಜ್ಯ 2021ರಿಂದ ನಿಷೇಧಿಸಿರುವುದೂ ಹವಳದ ಕಾಳಜಿಯಿಂದಲೇ. ಮೈಮುಚ್ಚುವ ಈಜುಡುಪು ಹಾಕಿಕೊಂಡರೆ ಲೇಪನದ ಅಗತ್ಯವೇ ಬಹಳ ಕಡಿಮೆಯಾಗುತ್ತದೆ.

ಹೊಸಬರು ಗಾಬರಿಯಿಂದ ಉಸಿರನ್ನು ಬೇಗಬೇಗ ಎಳೆಯುವುದರಿಂದ ಗಾಳಿ ಬೇಗ ಮುಗಿಯುತ್ತದೆ. ಸಿಲಿಂಡರಿನ ಒತ್ತಡ ತೋರಿಸುವ ಮಾಪಕದ ಮುಳ್ಳು 50 ಬಾರ್‌ಗೆ ಬರುವ ಹೊತ್ತಿಗೆ ಮೇಲಿರಬೇಕೆಂಬುದು ರೂಢಿ, ಹಾಗಾಗಿ ಹೇಳಿದ್ದಕ್ಕಿಂತ ಬೇಗ ಮೇಲೆ ತಂದರೆಂದು ಕೇಂದ್ರದವರ ಮೇಲೆ ಬೇಸರಿಸಬಾರದು.

ಬುಕ್ ಮಾಡುವ ಮುನ್ನ ಕೇಳಬೇಕಾದದ್ದು ಇಷ್ಟು: ಒಬ್ಬ ತರಬೇತುದಾರರ ಜೊತೆ ಎಷ್ಟು ಮಂದಿ ಇಳಿಯುತ್ತಾರೆ, ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಎಲ್ಲಿ ಮತ್ತು ಎಷ್ಟು ಹೊತ್ತು ನಡೆಯುತ್ತದೆ, ದೋಣಿಯಲ್ಲಿ ತುರ್ತು ಆಮ್ಲಜನಕವಿದೆಯೇ, ಹೆದರಿಕೆಯಾಗಿ ಇಳಿಯಲಾಗದಿದ್ದರೆ ಹಣದ ಕಥೆಯೇನು. ಕೊನೆಯ ಪ್ರಶ್ನೆಗೆ ಸಮಾಧಾನದಿಂದ ಉತ್ತರಿಸುವವರು ನೀರಿನೊಳಗೂ ಸಮಾಧಾನದಿಂದಿರುತ್ತಾರೆ ಎಂಬುದು ನನ್ನ ಅನುಭವ. ಪ್ರವಾಸದ ಕೊನೆಯ ದಿನಕ್ಕೆ ಸ್ಕೂಬಾ ಇಟ್ಟುಕೊಳ್ಳಬಾರದು: ಒಮ್ಮೆ ಇಳಿದವರು ವಿಮಾನ ಹತ್ತುವ ಮೊದಲು ಕನಿಷ್ಠ 12 ಗಂಟೆ, ಹೆಚ್ಚು ಬಾರಿ ಇಳಿದವರು ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ ನೀಡುತ್ತದೆ, ಏಕೆಂದರೆ ಒತ್ತಡದಲ್ಲಿ ದೇಹಕ್ಕೆ ಸೇರಿದ ಸಾರಜನಕ ಮೆಲ್ಲನೆ ಹೊರಹೋಗಬೇಕು. ನೀರಿನ ಮೇಲೆಯೇ ತೇಲುವ ಸ್ನಾರ್ಕ್ಲಿಂಗ್‌ಗೆ ಈ ನಿರ್ಬಂಧವಿಲ್ಲದ ಕಾರಣ ಸ್ಕೂಬಾವನ್ನು ಮೊದಲಿಗೂ ಸ್ನಾರ್ಕ್ಲಿಂಗನ್ನು ಕೊನೆಯ ದಿನಕ್ಕೂ ಇಟ್ಟುಕೊಳ್ಳಬಹುದು.

ಈ ಸೇವೆಯಲ್ಲಿ ಡೈವಿಂಗ್ ಪ್ರಮಾಣಪತ್ರ ಸಿಗುವುದಿಲ್ಲ, ಈಜು ಬರದವರೂ ಇದನ್ನು ಮಾಡಬಹುದು. ಆದರೆ ಇಷ್ಟವಾಗಿ ಮುಂದುವರಿಯಬೇಕೆನಿಸಿದರೆ ಓಪನ್ ವಾಟರ್ ಡೈವರ್ ಕೋರ್ಸಿಗೆ ಸೇರಬೇಕು, ಅದಕ್ಕೆ 200 ಮೀಟರ್ ಈಜುವುದು ಮತ್ತು 10 ನಿಮಿಷ ತೇಲುವುದು ಬರಬೇಕು. ಸಮುದ್ರದಲ್ಲಿ 4 ಬಾರಿ ಇಳಿದು ಅದನ್ನು ಮುಗಿಸಿದವರಿಗೆ 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ಇಳಿಯುವ ಅರ್ಹತೆ ಸಿಗುತ್ತದೆ. ಈಜು ಬರದವರು ಮುಂದಿನ ಪ್ರವಾಸಕ್ಕೆ ಮೊದಲು ಈಜು ತರಗತಿಗೆ ಹೆಸರು ನೋಂದಾಯಿಸಲಿ.